ಮೂವತ್ತು ವರ್ಷ ತಡವಾದ ಒಂದು ಉತ್ತರ



ಕಳೆದ ಮಳೆಗಾಲದ ಒಂದು ಸಂಜೆ, ಭದ್ರಾ ಅಣೆಕಟ್ಟೆಯಿಂದ ನದಿಗೆ ನೀರು ಬಿಟ್ಟಿದ್ದಾರೆಂದು ಊರಿನವರೆಲ್ಲ ನೋಡಲು ಹೋಗಿದ್ದ ಹೊತ್ತಿನಲ್ಲಿ, ನನಗೊಂದು ದೂರವಾಣಿ ಕರೆ ಬಂದಿತು. ಲಕ್ಕವಳ್ಳಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತ ಹೆಣ್ಣುಮಗಳೊಬ್ಬಳು ಮಾತನಾಡುತ್ತಿದ್ದಳು. ಆಕೆಯ ತಮ್ಮನ ಮಗುವಿಗೆ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ. ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. "ಸಾರ್, ರಿಪೋರ್ಟಿನಲ್ಲಿ ಐವಿಎಸ್ 1-5 ಅಂತ ಬರೆದಿದ್ದಾರೆ. ಹಾಗಂದರೆ ಏನು? ಮನೆಯಲ್ಲಿ ಎಲ್ಲರೂ ಸೊಸೆಯ ಕಡೆಯಿಂದ ಬಂದದ್ದು ಅಂತ ಆಡಿಕೊಳ್ಳುತ್ತಿದ್ದಾರೆ" ಎಂದಳು. ವಿಚಾರಿಸಿ ತಿಳಿಸುತ್ತೇನೆಂದೆ. ಕರೆ ಮುಗಿಸುವ ಮುನ್ನ ಆಕೆ ನಕ್ಕು, "ಹಿಂದೆ ಒಂದು ಸಲ ಕೇಳಿದ್ದೆ ಸಾರ್, ಆಗ ನೀವು ಹೇಳಲಿಲ್ಲ" ಎಂದುಬಿಟ್ಟಳು.

ಆಕೆ ಏನು ಕೇಳಿದ್ದಳೆಂಬುದು ನನಗೆ ಚೆನ್ನಾಗಿ ನೆನಪಿತ್ತು. 1993ರಲ್ಲಿ ದಸರಾ ರಜೆ ಮುಗಿದು ಶಾಲೆ ತೆರೆದ ದಿನಗಳವು. ಆ ಅಕ್ಟೋಬರಿನಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಘೋಷಣೆಯಾಗಿತ್ತು. ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲನ್ನು ತರಗತಿಯಲ್ಲಿ ಓದಿ ಹೇಳಿದೆ: ವಂಶವಾಹಿಯೆಂಬುದು ಒಂದೇ ಅಖಂಡ ತುಂಡಲ್ಲವಂತೆ, ನಡುನಡುವೆ ಅರ್ಥವಿಲ್ಲದ ಭಾಗಗಳಿದ್ದು, ಜೀವಕೋಶ ಅವನ್ನು ಕತ್ತರಿಸಿ ತೆಗೆದು ಉಳಿದುದನ್ನು ಜೋಡಿಸಿಕೊಳ್ಳುತ್ತದಂತೆ. ಹತ್ತನೆಯ ತರಗತಿಯ ಈ ಹುಡುಗಿ ಎದ್ದುನಿಂತು, "ಕತ್ತರಿಸುವವರು ಯಾರು ಸಾರ್? ಎಲ್ಲಿ ಕತ್ತರಿಸಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದಳು. ನಾನು, "ಅದು ನಿಮ್ಮ ಪಠ್ಯದಲ್ಲಿಲ್ಲ, ಕುಳಿತುಕೋ" ಎಂದೆ. ಪಠ್ಯದಲ್ಲಿರಲಿಲ್ಲವೆಂಬುದು ನಿಜ. ಅದಕ್ಕಿಂತ ದೊಡ್ಡ ನಿಜವೆಂದರೆ ನನಗೆ ಗೊತ್ತಿರಲಿಲ್ಲ. ಪದವಿಯಲ್ಲಿ ಓದಿದ ಪುಸ್ತಕಗಳಲ್ಲಿ ಈ ವಿಷಯವಿರಲಿಲ್ಲ, ಬಿ.ಎಡ್. ತರಬೇತಿಯಲ್ಲಿ ಗೊತ್ತಿಲ್ಲವೆಂದು ಹೇಳುವುದನ್ನು ಯಾರೂ ಕಲಿಸಿರಲಿಲ್ಲ. ವಂಶವಾಹಿಯನ್ನು ಕಪ್ಪುಹಲಗೆಯ ಮೇಲೆ ಎಲ್ಲೂ ಮುರಿಯದ ಒಂದೇ ಗೆರೆಯಾಗಿ ಎಳೆಯುತ್ತಿದ್ದವನು ಆಮೇಲೆಯೂ ಬಹಳ ವರ್ಷ ಹಾಗೆಯೇ ಎಳೆದೆ.

ಈಗ ಬಿಡುವಿದೆ. ಓದಿದೆ, ತಿಳಿದವರನ್ನು ಕೇಳಿದೆ. ಆಕೆಗೆ ಬರೆದ ದೀರ್ಘ ಪತ್ರವನ್ನೇ, ಆಕೆಯ ಒಪ್ಪಿಗೆ ಪಡೆದು, ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ನಿಮ್ಮಲ್ಲಿ ಹಿರಿಯರಾದವರಿಗೆ ಟೆಂಟ್ ಸಿನಿಮಾ ನೆನಪಿರಬೇಕು. ರೀಲು ಹರಿದಾಗ ಆಪರೇಟರು ಕೆಟ್ಟುಹೋದ ಭಾಗವನ್ನು ಕತ್ತರಿಸಿ ಎಸೆದು, ಎರಡು ತುದಿಗಳನ್ನು ಅಂಟಿಸಿ ಮತ್ತೆ ಓಡಿಸುತ್ತಿದ್ದ. ಇಂಗ್ಲಿಷಿನಲ್ಲಿ ಹಾಗೆ ಅಂಟಿಸುವುದಕ್ಕೂ ಹಗ್ಗದ ತುದಿಗಳನ್ನು ಹೊಸೆದು ಸೇರಿಸುವುದಕ್ಕೂ ಸ್ಪ್ಲೈಸಿಂಗ್ ಎನ್ನುತ್ತಾರೆ. ಜೀವಕೋಶದಲ್ಲಿ ಡಿಎನ್‌ಎ ಮೂಲಪ್ರತಿ. ಅದರಿಂದ ಆರ್‌ಎನ್‌ಎ ಎಂಬ ನಕಲು ತಯಾರಾಗುತ್ತದೆ. ಆ ನಕಲಿನಲ್ಲಿ ಬೇಕಾದ ಭಾಗಗಳಿಗೆ ಎಕ್ಸಾನ್ ಎಂದೂ ನಡುವಿನ ಬೇಡದ ಭಾಗಗಳಿಗೆ ಇಂಟ್ರಾನ್ ಎಂದೂ ಹೆಸರು. ಇಂಟ್ರಾನನ್ನು ತೆಗೆದು ಎಕ್ಸಾನುಗಳನ್ನು ಜೋಡಿಸಿದ ಮೇಲೆಯೇ ಅದರಿಂದ ಪ್ರೋಟೀನು ಆಗುವುದು. ಆಪರೇಟರು ಒಂದು ಚೌಕಟ್ಟು ಹೆಚ್ಚುಕಡಿಮೆ ಕತ್ತರಿಸಿದರೆ ಪ್ರೇಕ್ಷಕರಿಗೆ ಗೊತ್ತೇ ಆಗುತ್ತಿರಲಿಲ್ಲ. ಇಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಮುಂದಿನ ವಾಕ್ಯವೆಲ್ಲ ಕೆಡುತ್ತದೆ.

ಶಾರ್ಪ್ ಮತ್ತು ರಾಬರ್ಟ್ಸ್ ತಂಡಗಳು ಇದನ್ನು ಕಂಡದ್ದು 1977ರಲ್ಲಿ, ಶೀತದಂತಹ ಕಾಯಿಲೆ ತರುವ ಅಡಿನೋವೈರಸ್ಸಿನಲ್ಲಿ. ಅದೇ ವರ್ಷ ಮೊಲದ ಹಿಮೋಗ್ಲೋಬಿನ್ನಿನ ವಂಶವಾಹಿಯಲ್ಲಿಯೂ ಹೀಗೆಯೇ ತುಂಡುಗಳಿರುವುದು ಗೊತ್ತಾಯಿತು. ಇಂಟ್ರಾನ್ ಇದೆ ಎಂದು ತಿಳಿಯಿತೇ ಹೊರತು ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅದಕ್ಕೆ ಮನುಷ್ಯನಿಗಿಂತ ಸರಳವಾದ ಜೀವಿಯೊಂದು ಬೇಕಾಗಿತ್ತು. ಬೇಕರಿಯ ಬನ್ನನ್ನು ಉಬ್ಬಿಸುವ ಯೀಸ್ಟ್ ಒದಗಿ ಬಂದದ್ದು ಹೀಗೆ. ಅದರ ಸುಮಾರು 6000 ವಂಶವಾಹಿಗಳಲ್ಲಿ ಇಂಟ್ರಾನ್ ಇರುವುದು 300ಕ್ಕಿಂತ ಕಡಿಮೆ ವಂಶವಾಹಿಗಳಲ್ಲಿ ಮಾತ್ರ.

ಇಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಉಷಾ ವಿಜಯರಾಘವನ್ ಅವರ ಕಥೆ ಆರಂಭವಾಗುತ್ತದೆ. ನಮ್ಮ ಕಡೆಯ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಸಂಸ್ಥೆ ಅದು. ಅಲ್ಲಿಗೆ ಬರುವ ಮೊದಲು, 1980ರ ದಶಕದಲ್ಲಿ, ಅವರು ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಲ್ಲಿ ಜಾನ್ ಏಬೆಲ್ಸನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿದರು. ಕತ್ತರಿಸಿ ಜೋಡಿಸುವ ಯಂತ್ರಕ್ಕೆ ಸ್ಪ್ಲೈಸಿಯೋಸೋಮ್ ಎಂಬ ಹೆಸರು ಬಂದದ್ದು 1985ರಲ್ಲಿ ಅದೇ ಪ್ರಯೋಗಾಲಯದಿಂದ ಪ್ರಕಟವಾದ ಪ್ರಬಂಧದ ಮೂಲಕ. ಮರುವರ್ಷ, 1986ರಲ್ಲಿ, ಉಷಾ ಅವರು ಮೊದಲ ಲೇಖಕಿಯಾಗಿರುವ ಪ್ರಬಂಧವೊಂದು ಬಂದಿತು. ಇಂಟ್ರಾನಿನೊಳಗೆ ಗುರುತಿನ ಕಲ್ಲುಗಳಂತೆ ನಿಂತಿರುವ ಕೆಲವು ಅಕ್ಷರಗಳನ್ನು ಬದಲಿಸಿದರೆ ಯಂತ್ರಕ್ಕೆ ಏನಾಗುತ್ತದೆ ಎಂಬುದು ಅದರ ವಿಷಯ. ಗುರುತು ಕೆಟ್ಟರೆ ಯಂತ್ರದ ಜೋಡಣೆಯೇ ಎಡವುತ್ತದೆ ಎಂದು ಅದು ತೋರಿಸಿತು. ಎಲ್ಲಿ ಕತ್ತರಿಸಬೇಕೆಂದು ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಭಾಗ, ನಾನು ಹುಡುಗಿಯನ್ನು ಕುಳಿತುಕೋ ಎನ್ನುವುದಕ್ಕೆ ಏಳು ವರ್ಷ ಮೊದಲೇ ಅಚ್ಚಾಗಿತ್ತು!

ಇನ್ನು ಕತ್ತರಿಸುವವರು ಯಾರು? ಇದನ್ನು ಹುಡುಕಿದ ಬಗೆ ನನಗೆ ಬಹಳ ಇಷ್ಟವಾಯಿತು. ಯಂತ್ರದ ಒಂದು ಭಾಗವನ್ನು ತೆಗೆದುಹಾಕಿದರೆ ಯೀಸ್ಟ್ ಸತ್ತೇಹೋಗಬಹುದು. ಸತ್ತದ್ದನ್ನು ಸಾಕುವುದು ಹೇಗೆ? ಅದಕ್ಕಾಗಿ ತಂಪಿನಲ್ಲಿ ಬದುಕಿ 37 ಡಿಗ್ರಿ ಶಾಖದಲ್ಲಿ ಸಾಯುವ ದೋಷಯುಕ್ತ ಯೀಸ್ಟುಗಳನ್ನು ಬೆಳೆಸುತ್ತಾರೆ. ಒಂದೊಂದನ್ನೂ ತಂಪಿನಲ್ಲಿ ಸಾಕಿ, ಬಿಸಿಗೆ ತಂದು, ಅದರ ಆರ್‌ಎನ್‌ಎ ತೆಗೆದು, ಕತ್ತರಿಸದ ನಕಲುಗಳು ರಾಶಿ ಬಿದ್ದಿವೆಯೇ ಎಂದು ನೋಡಬೇಕು. ನೂರಾರು ತಳಿಗಳು, ಪ್ರತಿಯೊಂದಕ್ಕೂ ಅದೇ ಪರೀಕ್ಷೆ. 1989ರಲ್ಲಿ ಉಷಾ ಮತ್ತು ಸಹೋದ್ಯೋಗಿಗಳು ಹೀಗೆ ಹುಡುಕಿ ಪಡೆದ ಹೊಸ ವಂಶವಾಹಿಗಳ ಗುಂಪನ್ನು ಪ್ರಕಟಿಸಿದರು. ಪಿಆರ್‌ಪಿ ಎಂಬ ಹೆಸರಿನ ಮುಂದೆ 17ರಿಂದ 27ರವರೆಗಿನ ಸಂಖ್ಯೆಗಳು ಅವಕ್ಕೆ ಸಂದವು.

ಈ ಪಿಆರ್‌ಪಿ ಹೆಸರಿಗೂ ಒಂದು ಇತಿಹಾಸವುಂಟು. 1970ರಲ್ಲಿ ಲೀಲೆಂಡ್ ಹಾರ್ಟ್‌ವೆಲ್ ಮತ್ತು ಸಂಗಡಿಗರು ಇಂತಹುದೇ ಯೀಸ್ಟುಗಳಲ್ಲಿ ಹತ್ತು ವಂಶವಾಹಿಗಳನ್ನು ಗುರುತಿಸಿ, ಇವು ಪ್ರೋಟೀನು ತಯಾರಿಸುವ ರೈಬೋಸೋಮ್ ಕಟ್ಟುವುದಕ್ಕೆ ಬೇಕಾದವು ಎಂದಿದ್ದರು. ಆಗ ಇಂಟ್ರಾನ್ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಯೀಸ್ಟಿನಲ್ಲಿ ಇಂಟ್ರಾನುಳ್ಳ ವಂಶವಾಹಿಗಳಲ್ಲಿ ಬಹಳಷ್ಟು ರೈಬೋಸೋಮಿನವೇ ಆದ್ದರಿಂದ, ಕತ್ತರಿಸುವ ಕೆಲಸ ನಿಂತರೆ ಮೊದಲು ನಿಂತಂತೆ ಕಾಣುವುದು ರೈಬೋಸೋಮ್. ಕಾಲುವೆಯ ತೂಬು ಕೆಟ್ಟರೆ ಗದ್ದೆ ಒಣಗಿತೆಂದು ದೂರುವ ಹಾಗೆ. ನಿಜ ತಿಳಿದ ಮೇಲೆ ಅವುಗಳ ಹೆಸರೇ ಬದಲಾಯಿತು. ದೊಡ್ಡವರೂ ಹೀಗೆ ಅರ್ಧ ಕಂಡು ಮುಂದಿನವರಿಗೆ ಬಿಟ್ಟುಹೋಗುತ್ತಾರೆ. ಹಾರ್ಟ್‌ವೆಲ್ ಅವರಿಗೆ ಬೇರೆ ಕೆಲಸಕ್ಕಾಗಿ 2001ರಲ್ಲಿ ನೊಬೆಲ್ ಬಂದಿತು.

ಕತ್ತರಿಸುವ ಕೆಲಸ ಎರಡು ಹೆಜ್ಜೆಗಳಲ್ಲಿ ನಡೆಯುತ್ತದೆ. ಮೊದಲು ಇಂಟ್ರಾನಿನ ಆರಂಭದ ತುದಿ ಕಡಿದು, ಆ ತುದಿ ಬಾಗಿ ತನ್ನದೇ ನಡುವಿಗೆ ಅಂಟಿಕೊಳ್ಳುತ್ತದೆ. ದನ ಕಟ್ಟುವ ಹಗ್ಗದ ಕುಣಿಕೆಯಂತಹ ಆಕಾರ. ಎರಡನೆಯ ಹೆಜ್ಜೆಯಲ್ಲಿ ಇನ್ನೊಂದು ತುದಿ ಕಡಿದು, ಎಕ್ಸಾನುಗಳೆರಡೂ ಜೋಡಿಯಾಗಿ, ಕುಣಿಕೆ ಕಳಚಿ ಬೀಳುತ್ತದೆ. ಉಷಾ ಅವರ ಗುಂಪಿನ 17 ಮತ್ತು 18ನೆಯ ತಳಿಗಳಲ್ಲಿ ಮೊದಲ ಹೆಜ್ಜೆ ಮುಗಿದು ಕೆಲಸ ಅಲ್ಲಿಯೇ ನಿಂತಿತ್ತು. ಎಂದರೆ ಈ ಎರಡೂ ಎರಡನೆಯ ಹೆಜ್ಜೆಯ ಕೆಲಸಗಾರರು.

1990ರ ದಶಕದಲ್ಲಿ ಅವರು ಬೆಂಗಳೂರಿನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಕೋಶ ಜೀವಶಾಸ್ತ್ರ ವಿಭಾಗದಲ್ಲಿ ತಮ್ಮದೇ ಪ್ರಯೋಗಾಲಯ ಕಟ್ಟಿಕೊಂಡಾಗ ಈ 17ನೆಯದನ್ನು ಕೈಬಿಡಲಿಲ್ಲ. (ಆ ವಿಭಾಗದ ಮೂಲ 1941ರಲ್ಲಿ ಶುರುವಾದ ಹುದುಗುವಿಕೆಯ ತಂತ್ರಜ್ಞಾನದ ಪ್ರಯೋಗಾಲಯವೆಂಬುದು ಯೀಸ್ಟಿಗೆ ತಕ್ಕ ಮಾತೇ ಆಯಿತು.) 1996, 2000, 2003, 2004, 2008: ಇಷ್ಟೂ ವರ್ಷ ಪಿಆರ್‌ಪಿ 17ರ ಮೇಲೆ ಅವರ ವಿದ್ಯಾರ್ಥಿಗಳ ಜೊತೆಗಿನ ಪ್ರಬಂಧಗಳಿವೆ. ಒಂದೇ ವಂಶವಾಹಿ! ಸಾಮಾನ್ಯ ಶಾಖದಲ್ಲಿ ಅದಿಲ್ಲದೆಯೂ ಯೀಸ್ಟ್ ಬದುಕುತ್ತದೆ. ಬಿಸಿ ಏರಿದಾಗ ಮಾತ್ರ ಅದು ಬೇಕೇ ಬೇಕು. ಹಾಗಾದರೆ ಅದರ ಅಗತ್ಯವಾದರೂ ಏನು? ಎಲ್ಲ ಇಂಟ್ರಾನುಗಳೂ ಅದನ್ನು ಸಮನಾಗಿ ಅವಲಂಬಿಸಿಲ್ಲ, ಯಾವುದಕ್ಕೆ ಅದು ಬೇಕೆಂಬುದು ಇಂಟ್ರಾನಿನ ರಚನೆಯನ್ನು ನೋಡಿಕೊಂಡು ನಿರ್ಧಾರವಾಗುತ್ತದೆ ಎಂದು 2004ರ ಪ್ರಬಂಧ ತೋರಿಸಿತು. ಇದೇ ವಂಶವಾಹಿಯನ್ನು 1978ರಲ್ಲಿಯೇ ಬೇರೆ ದೇಶದವರು ಕೋಶವಿಭಜನೆಯ ವಂಶವಾಹಿಯೆಂದು ಇನ್ನೊಂದು ಹೆಸರಿನಲ್ಲಿ ಕಂಡಿದ್ದರು. ಕತ್ತರಿ ಮೊಂಡಾದರೆ ಕೋಶ ಎರಡಾಗುವುದೂ ತಡೆಯುತ್ತದೆಂಬ ಈ ನಂಟನ್ನು 2003ರಲ್ಲಿ ಬೆಂಗಳೂರಿನ ಕೆಲಸವೂ ಬಿಡಿಸಿ ನೋಡಿತು.

ಆಮೇಲೆ ಅವರು ಇನ್ನೊಂದು ಯೀಸ್ಟಿನತ್ತ ತಿರುಗಿದರು. ಪೂರ್ವ ಆಫ್ರಿಕದ ಧಾನ್ಯದ ಬೀರಿನಲ್ಲಿ ಮೊದಲು ಸಿಕ್ಕಿದ, ಆ ಬೀರಿನ ಸ್ವಾಹಿಲಿ ಹೆಸರಾದ ಪೊಂಬೆಯನ್ನೇ ಹೊತ್ತ ಯೀಸ್ಟ್ ಅದು. ಅದರ ವಂಶವಾಹಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇಂಟ್ರಾನುಗಳಿರುವುದರಿಂದ ಮನುಷ್ಯನಿಗೆ ಕೊಂಚ ಹತ್ತಿರ. ಬನ್ನಿನ ಯೀಸ್ಟಿನಲ್ಲಿ ಎರಡನೆಯ ಹೆಜ್ಜೆಗೆ ದುಡಿಯುವ ಸ್ಲು 7 ಎಂಬುದು ಇಲ್ಲಿ ಮೊದಲ ಹೆಜ್ಜೆಗೂ ಮುಂಚೆಯೇ ಬೇಕಾಗುತ್ತದೆಂದು 2013ರಲ್ಲಿ ಅವರ ತಂಡ ಕಂಡಿತು. ಹೆಸರು ಒಂದೇ, ಊರು ಬದಲಾದರೆ ಕೆಲಸ ಬೇರೆ. ವರ್ಗಾವಣೆಯಾದ ಮೇಷ್ಟರಿಗೆ ಇದು ಬೇಗ ಅರ್ಥವಾಗುತ್ತದೆ.

2015ರಲ್ಲಿ ಚೀನಾದ ವಿಜ್ಞಾನಿಗಳು ಪೊಂಬೆಯ ಸ್ಪ್ಲೈಸಿಯೋಸೋಮಿನ ಚಿತ್ರವನ್ನು ಸೂಕ್ಷ್ಮದರ್ಶಕದಿಂದ ಪರಮಾಣು ಮಟ್ಟದ ಹತ್ತಿರಕ್ಕೆ ತೆಗೆದರು. 2017ರ ಹೊತ್ತಿಗೆ ಎರಡನೆಯ ಹೆಜ್ಜೆಗೆ ಸಿದ್ಧವಾಗಿ ನಿಂತ ಯಂತ್ರದ ಚಿತ್ರವೂ ಬಂದು, ಅದರಲ್ಲಿ 17, 18, ಸ್ಲು 7 ಮೂವರೂ ತಮ್ಮ ತಮ್ಮ ಸ್ಥಾನಗಳಲ್ಲಿ ಕಂಡರು. ಸತ್ತ ಯೀಸ್ಟು, ಬದುಕಿದ ಯೀಸ್ಟುಗಳನ್ನು ಎಣಿಸಿ ದಶಕಗಳ ಹಿಂದೆ ಊಹಿಸಿದ್ದನ್ನು ಕಣ್ಣಾರೆ ಕಂಡಂತಾಯಿತು.

ಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವವರು ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು. ಇದೇ ಪ್ರಯೋಗಾಲಯದಲ್ಲಿ ಜೊತೆಜೊತೆಗೆ ಭತ್ತದ ಹೂವಿನ ಅಧ್ಯಯನವೂ ನಡೆದಿದೆ. ಅಕ್ಕಿಯನ್ನು ಮುಚ್ಚುವ ಹೊಟ್ಟು ಹೊಟ್ಟಾಗಿಯೇ ರೂಪುಗೊಳ್ಳಲು ಬೇಕಾದ ವಂಶವಾಹಿಯ ಬಗ್ಗೆ 2001 ಮತ್ತು 2005ರಲ್ಲಿ, ಭತ್ತ ಯಾವಾಗ ಹೊಡೆಯೊಡೆಯಬೇಕು, ಎಷ್ಟು ತೆಂಡೆ ಬಿಡಬೇಕು ಎಂಬುದರಲ್ಲಿ ಪಾತ್ರವಹಿಸುವ ಇನ್ನೊಂದರ ಬಗ್ಗೆ 2008ರಲ್ಲಿ ಅವರು ಬರೆದರು. ದೇಶದ ವಿಜ್ಞಾನ ಅಕಾಡೆಮಿಗಳು ಅವರನ್ನು ಫೆಲೋ ಆಗಿ ಆರಿಸಿದವು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರನ್ನು ನಾನು ಕಾಣಲಿಲ್ಲ, ನಾನೂ ಹೇಳಲಿಲ್ಲ.

ಈಗ ಆ ರಿಪೋರ್ಟಿನ ವಿಷಯ. ಐವಿಎಸ್ ಎಂಬುದು ಇಂಟ್ರಾನಿನ ಹಳೆಯ ಹೆಸರು, ನಡುವೆ ಬಂದ ಭಾಗವೆಂದು ಅರ್ಥ. ಹಿಮೋಗ್ಲೋಬಿನ್ನಿನ ಬೀಟಾ ವಂಶವಾಹಿಯಲ್ಲಿ ಎರಡು ಇಂಟ್ರಾನುಗಳಿವೆ. ಮೊದಲನೆಯದರ ಉದ್ದ 130 ಅಕ್ಷರ. ಅದರ ಐದನೆಯ ಅಕ್ಷರ ಜಿ ಇರಬೇಕಾದಲ್ಲಿ ಸಿ ಆಗಿದೆ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾಕ್ಕೆ ಅತಿ ಹೆಚ್ಚಾಗಿ ಕಾಣುವ ಕಾರಣ ಇದೇ. ಇಲ್ಲಿಂದ ಕತ್ತರಿಸು ಎಂದು ಯಂತ್ರಕ್ಕೆ ಹೇಳುವ ಗುರುತಿನ ಕಲ್ಲುಗಳಲ್ಲಿ ಈ ಐದನೆಯದೂ ಒಂದು. ಅದು ಅಳಿಸಿದಾಗ ಯಂತ್ರ ಹತ್ತಿರದ ತಪ್ಪು ಜಾಗಗಳಲ್ಲಿ ಕತ್ತರಿಸುತ್ತದೆ; ಸರಿಯಾದ ಸಂದೇಶ ಅಲ್ಪಸ್ವಲ್ಪ ಮಾತ್ರ ತಯಾರಾಗುತ್ತದೆ. ಮಗುವಿನ ಪ್ರೋಟೀನಿನ ಪಾಠ ಸರಿಯಾಗಿಯೇ ಇದೆ. ತಪ್ಪಿರುವುದು, ಹೇಗೂ ಎಸೆಯಬೇಕಾಗಿದ್ದ ಭಾಗದ ಒಂದು ಅಕ್ಷರದಲ್ಲಿ.

ಸೊಸೆಯ ಮಾತಿಗೆ ಬಂದರೆ, ಈ ವಂಶವಾಹಿ ನಮ್ಮೆಲ್ಲರಲ್ಲೂ ಎರಡೆರಡು ಪ್ರತಿಗಳಲ್ಲಿರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಮಾತ್ರ ಕೆಟ್ಟವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಪರೀಕ್ಷೆ ಮಾಡದೆ ಅವರಿಗೇ ತಿಳಿಯದು. ಮಗುವಿಗೆ ಇಷ್ಟು ತೀವ್ರವಾದ ಕಾಯಿಲೆ ಬರಬೇಕಾದರೆ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದಿರಬೇಕು. ಎಂದರೆ ನನ್ನ ವಿದ್ಯಾರ್ಥಿನಿಯ ತಮ್ಮನಿಂದಲೂ ಒಂದು ಬಂದಿದೆ. ಅದು ಅವನಿಗೆ ಅವರ ತಂದೆಯಿಂದಲೋ ತಾಯಿಯಿಂದಲೋ ಬಂದಿರಬೇಕು. ಆಕೆಯಲ್ಲಿಯೂ, ಆಕೆಯ ಮಕ್ಕಳಲ್ಲಿಯೂ ಇರಬಹುದು. ಇದನ್ನು ಬರೆಯುವಾಗ ನನ್ನ ಕೈ ಒಮ್ಮೆ ತಡೆಯಿತು, ಆದರೂ ಬರೆದೆ. ಹಿಮೋಗ್ಲೋಬಿನ್ ಎ2 ಎಂಬ ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ, ಮದುವೆಯಾಗಬೇಕಾದ ಮಕ್ಕಳಿಗೆ ಮೊದಲೇ ಮಾಡಿಸುವುದು ಒಳ್ಳೆಯದು, ದಂಪತಿಗಳಿಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆಯ ಸಾಧ್ಯತೆ ಇರುತ್ತದೆ ಎಂದು ಸೇರಿಸಿದೆ.

ಪತ್ರ ತಲುಪಿದ ಹದಿನೈದು ದಿನಗಳ ಮೇಲೆ ಆಕೆ ಮತ್ತೆ ಕರೆ ಮಾಡಿದಳು. ಪತ್ರವನ್ನು ಮನೆಯಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದಿದಳಂತೆ. ಅತ್ತೆ ಸೊಸೆಯರ ನಡುವೆ ಮಾತು ಸರಿಹೋಯಿತೇ ಎಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ತನ್ನ ಮಕ್ಕಳಿಬ್ಬರಿಗೂ ಪರೀಕ್ಷೆ ಮಾಡಿಸಿದ್ದಾಳೆ. ಮಗಳಲ್ಲಿ ಒಂದು ಪ್ರತಿ ಇದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಕತ್ತರಿಸಿದ ಆ ಕುಣಿಕೆ ಏನಾಗುತ್ತದೆ?" ಎಂದು ಕೇಳಿದಳು.

ಈ ಸಲ ನನಗೆ ಗೊತ್ತಿತ್ತು. ಕುಣಿಕೆಯ ಗಂಟನ್ನು ಬಿಚ್ಚುವುದಕ್ಕೇ ಒಂದು ಕಿಣ್ವವಿದೆ. ಗಂಟು ಬಿಚ್ಚಿದ ಮೇಲೆ ಕೋಶ ಅದನ್ನು ಬಿಡಿ ಅಕ್ಷರಗಳಾಗಿ ಒಡೆದು ಮತ್ತೆ ಬಳಸಿಕೊಳ್ಳುತ್ತದೆ. ಆ ಕಿಣ್ವ ಕೆಟ್ಟ ಯೀಸ್ಟಿನಲ್ಲಿ ಕುಣಿಕೆಗಳು ರಾಶಿ ಬೀಳುತ್ತವೆ. 1989ರ ಆ ಗುಂಪಿನಲ್ಲಿ ಅಂತಹುದೊಂದು ತಳಿಯೂ ಸಿಕ್ಕಿತ್ತು, ಅದರ ಸಂಖ್ಯೆ 26 ಎಂದು ಹೇಳಿದೆ. ಬರೆದುಕೊಳ್ಳುತ್ತೇನೆ ಸಾರ್, ಒಂದು ನಿಮಿಷ, ಎಂದು ಆಕೆ ಪೆನ್ನು ಹುಡುಕಲು ಹೋದಳು.