ಎರಡಿಲ್ಲವೆಂದವರ ದಿನಚರಿ: ಮಧುಗಿರಿ ಸೀಮೆಯ ಅನುಭಾವ ಪರಂಪರೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಚರಿತ್ರೆ ಬರೆದವರ ಕಣ್ಣು ಹೆಚ್ಚಾಗಿ ಕೋಟೆಗಳ ಮೇಲೆಯೇ ಬಿದ್ದಿದೆ. ಮಧುಗಿರಿಯ ಏಕಶಿಲಾ ಬೆಟ್ಟ, ನಿಡಗಲ್ಲು ದುರ್ಗ, 1687ರಲ್ಲಿ ಮೊಗಲರ ಸುಬಾ ಆದ ಶಿರಾ ಇವು ಎದ್ದು ಕಾಣುವುದರಿಂದ ಅದು ಸಹಜವೇ. ಆದರೆ ಈ ಸೀಮೆಯ ಹೆಸರುಗಳಲ್ಲಿ ಇನ್ನೊಂದು ಚರಿತ್ರೆ ಅಡಗಿದೆ. ಕೊರಟಗೆರೆ ತಾಲ್ಲೂಕಿನ ಬೆಟ್ಟವೊಂದು ಸಿದ್ಧರಬೆಟ್ಟ. ಅದೇ ತಾಲ್ಲೂಕಿನ ಎಲೆರಾಂಪುರದ ಕುಂಚಿಟಿಗ ಮಠದ ಸ್ವಾಮಿಗಳ ಹೆಸರು ಹನುಮಂತನಾಥ. ಶಿರಾ ತಾಲ್ಲೂಕು ಪಟ್ಟನಾಯಕನಹಳ್ಳಿಯ ಗುರುಗುಂಡ ಬ್ರಹ್ಮೇಶ್ವರ ಮಠದ ಸ್ವಾಮಿಗಳು ನಂಜಾವಧೂತ.

ಸಿದ್ಧ, ನಾಥ, ಅವಧೂತ. ಈ ಮೂರು ಮಾತುಗಳ ಹಿಂದಿರುವ ಪಂಥಗಳು ಬೇರೆಬೇರೆ. ಆದರೂ ಮುಕ್ತಿಯನ್ನು ಸತ್ತ ಮೇಲಿನ ಲೋಕಕ್ಕೆ ಮುಂದೂಡದೆ, ಈ ದೇಹದಲ್ಲೇ, ಈ ಹೊತ್ತಿನಲ್ಲೇ ಕಾಣಬೇಕೆಂಬ ಹಟ ಮೂರಕ್ಕೂ ಸಮಾನ. ಮೇಲೆ ಹೇಳಿದ ಎರಡು ಮಠಗಳೂ ಬೇಸಾಯವನ್ನೇ ನಂಬಿದ ಕುಂಚಿಟಿಗರವು ಎಂಬುದು ನನ್ನ ದೃಷ್ಟಿಯಲ್ಲಿ ಮುಖ್ಯವಾದ ಸಂಗತಿ. ನಾಥ, ಅವಧೂತ ಎಂಬ ಹೆಸರುಗಳು ಇಲ್ಲಿ ಕಾಡು ಸೇರಿದವರ ಪಾಲಾಗದೆ, ಹೊಲ ಉಳುವವರ ಗುರುಪೀಠಗಳಲ್ಲಿ ನಿಂತಿವೆ.

ಎಲ್ಲವೂ ಒಂದೇ ಎಂದು ಅರಿತವನು ಮಾರನೆಯ ದಿನ ಏನು ಮಾಡುತ್ತಾನೆ ಎಂಬ ಪ್ರಶ್ನೆ ಶಾಸ್ತ್ರಕ್ಕೂ ಹೊಸದಲ್ಲ. ಜ್ಞಾನ, ಕರ್ಮ ಎರಡೂ ಕೂಡಿದರೆ ಮೋಕ್ಷ ಎಂಬ ಸಮುಚ್ಚಯವಾದವನ್ನು ಶಂಕರರು ಗೀತಾಭಾಷ್ಯದಲ್ಲಿ ಒಪ್ಪಲಿಲ್ಲ. ಆದರೆ ಮೂರನೆಯ ಅಧ್ಯಾಯದಲ್ಲಿ ಜನಕನ ಮಾತು ಬಂದಾಗ, ಅವನು ಜ್ಞಾನಿಯೇ ಆಗಿದ್ದರೆ ಪ್ರಾರಬ್ಧದಿಂದ, ಲೋಕಸಂಗ್ರಹಕ್ಕಾಗಿ, ಕೆಲಸ ಬಿಡದೆ ನಡೆದನೆಂದು ಒಂದು ದಾರಿ ತೆರೆದಿಟ್ಟರು. 14ನೇ ಶತಮಾನದ ವಿದ್ಯಾರಣ್ಯರ ಹೆಸರಿನಲ್ಲಿರುವ ‘ಪಂಚದಶಿ’ಯ ಧ್ಯಾನದೀಪ ಪ್ರಕರಣ ಆ ದಾರಿಯನ್ನು ಅಗಲ ಮಾಡಿತು. ಧ್ಯಾನ ಬಿಟ್ಟರೆ ಉಪಾಸಕನಿಗೆ ಉಪಾಸ್ಯ ಕೈತಪ್ಪುತ್ತದೆ. ಜ್ಞಾನಿಯ ಸ್ಥಿತಿ ಹಾಗಲ್ಲ. ಮಡಕೆಯನ್ನು ಒಮ್ಮೆ ಕಂಡವನು ಅದನ್ನೇ ನೆನೆಯುತ್ತ ಕೂರಬೇಕಾಗಿಲ್ಲ, ಅದು ಮಡಕೆಯೆಂಬ ತಿಳಿವು ಅವನನ್ನು ಬಿಟ್ಟು ಹೋಗುವುದಿಲ್ಲ. ಆತ್ಮದ ಅರಿವೂ ಹಾಗೆಯೇ, ಲೋಕವ್ಯವಹಾರ ಅದಕ್ಕೆ ಅಡ್ಡಿಯಾಗದು. ಈ ವಿಷಯದಲ್ಲಿ ಇಷ್ಟು ಬಿಡಿಸಿ ಹೇಳಿದ ವಾದವನ್ನು ನಾನು ಬೇರೆಡೆ ಓದಿಲ್ಲ.

ಸಂಸ್ಕೃತದ ಈ ವಿಚಾರವನ್ನು ಕನ್ನಡದ ಜನರಿಗೆ ದಾಟಿಸಿದವರಲ್ಲಿ 17ನೇ ಶತಮಾನದ ಮಹಲಿಂಗರಂಗ ದೊಡ್ಡವನು. ಕನ್ನಡವನ್ನು ಬಾಳೆಹಣ್ಣು, ಕಬ್ಬು, ಹಾಲಿಗೆ ಹೋಲಿಸಿದ ಅವನ ಪದ್ಯ ನಾಡಹಬ್ಬದ ವೇದಿಕೆಗಳಲ್ಲಿ ಚಿರಪರಿಚಿತ. ಅದು ಭಾಷಾಭಿಮಾನಕ್ಕಷ್ಟೇ ಬರೆದದ್ದಲ್ಲ, ‘ಅನುಭವಾಮೃತ’ ಎಂಬ ಅದ್ವೈತ ಕೃತಿಯದು, ಮೋಕ್ಷಕ್ಕೆ ಕನ್ನಡವೇ ಸಾಕೆಂಬ ವಾದದ ಭಾಗ ಎಂಬುದು ಮರೆತೇಹೋಗಿದೆ. ಹೋಲಿಕೆಗೆ ಅವನು ಆರಿಸಿಕೊಂಡ ಮೂರೂ ತೋಟ, ಗದ್ದೆ, ಕೊಟ್ಟಿಗೆಯ ವಸ್ತುಗಳು.

ಓದು ಬಾರದವರಿಗೆ ಇದೇ ಮಾತು ತತ್ವಪದವಾಗಿ ತಲುಪಿತು. ಹಗಲು ರಾಗಿ, ಕಡಲೆಕಾಯಿ ಹೊಲದಲ್ಲಿ ದುಡಿದವರು ರಾತ್ರಿ ಗುಡಿಯಲ್ಲಿ ತಂಬೂರಿ, ತಾಳ ಹಿಡಿದು ಕೂರುತ್ತಿದ್ದರು. ಸಾವಿನ ಮನೆಯಲ್ಲಿ ಬೆಳಗಿನವರೆಗೂ ಹಾಡುತ್ತಿದ್ದರು. ಸುತ್ತ ಆಂಧ್ರವಿರುವ ಪಾವಗಡದಂಥ ಕಡೆ ಮನೆಮಾತು ಕನ್ನಡವೋ ತೆಲುಗೋ ಎಂಬುದು ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಹತ್ತಿರದ ಚಿಕ್ಕಬಳ್ಳಾಪುರ ಸೀಮೆಯ ಕೈವಾರ ತಾತಯ್ಯನವರೂ ಎರಡು ನುಡಿಗಳಲ್ಲಿ ಹಾಡು ಕಟ್ಟಿದವರು. ತಾತಯ್ಯನವರು ಬಳೆ ಮಾರಿ ಸಂಸಾರ ನಡೆಸಿದವರೆಂಬುದನ್ನು ಭಕ್ತರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ನೆರೆಯ ಚಳ್ಳಕೆರೆ ಸೀಮೆಯ ಬೆಳಗೆರೆ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳನ್ನು ಕುರಿತು ಬರೆದ ‘ಯೇಗ್ದಾಗೆಲ್ಲಾ ಐತೆ’ಯಲ್ಲೂ ವೇದಾಂತ ಇಳಿದಿರುವುದು ಹಳ್ಳಿಯ ಆಡುಮಾತಿಗೆ.

ಇಷ್ಟು ಹೇಳಿದ ಮೇಲೆ ಕಹಿಯಾದದ್ದನ್ನೂ ಹೇಳಬೇಕು. ಭೇದವಿಲ್ಲವೆಂದು ಹಾಡಿದ ಊರಿನಲ್ಲೇ ಕೇರಿಗಳು ಬೇರೆಯಾಗಿ ಉಳಿದವು. ಶಂಕರರಿಗೆ ಚಂಡಾಲನು ಎದುರಾದ ಕಥೆಯನ್ನು ಭಕ್ತಿಯಿಂದ ಕೇಳಿದವರು ಮನೆಗೆ ಮರಳಿ ಹೊಸ್ತಿಲು ಕಾದರು. ಅದ್ವೈತಕ್ಕೆ ಬದುಕಿನಲ್ಲಿ ಎದುರಾಗುವ ನಿಜವಾದ ಪ್ರಶ್ನೆ ಸಂಸಾರವೋ ಸಂನ್ಯಾಸವೋ ಎಂಬುದಲ್ಲ, ಯಾರನ್ನು ಮುಟ್ಟಬಲ್ಲೆ ಎಂಬುದು ಎಂದೇ ನನ್ನ ನಿಲುವು.

ಆ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ವಿವೇಕಾನಂದರು. 1892ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ತಂಗಿದ್ದ ಅವರು 1896ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ನಾಲ್ಕು ಉಪನ್ಯಾಸ ಕೊಟ್ಟು, ನಿತ್ಯದ ಬದುಕಿಗೆ ಬಾರದ ವೇದಾಂತಕ್ಕೆ ಬೆಲೆಯಿಲ್ಲವೆಂದು ವಾದಿಸಿದರು. 1897ರ ಮೇ 1ರಂದು ರಾಮಕೃಷ್ಣ ಮಿಷನ್ ಹುಟ್ಟಿತು. ಜೀವಸೇವೆಯೇ ಶಿವಪೂಜೆ ಎಂಬ ಅದರ ನೆಲೆ ಅಪ್ಪಟ ಅದ್ವೈತದ್ದು. ಎದುರಿಗಿರುವವನು ಬೇರೆಯವನಲ್ಲ ಎಂದ ಮೇಲೆ ಅಲ್ಲಿ ದಯೆ ತೋರುವ ಮೇಲಿನವನೂ ಇಲ್ಲ, ಪಡೆಯುವ ಕೆಳಗಿನವನೂ ಇಲ್ಲ.

ಬರಕ್ಕೆ ಹೆಸರಾದ ಪಾವಗಡದಲ್ಲಿ ಸ್ವಾಮಿ ಜಪಾನಂದರು ನಡೆಸುತ್ತಿರುವ ಶ್ರೀ ರಾಮಕೃಷ್ಣ ಸೇವಾಶ್ರಮ ಈ ಭಾವದಿಂದ ಬೆಳೆದದ್ದು. ಅಲ್ಲಿ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಯಿದೆ, ಕ್ಷಯರೋಗಿಗಳ ಆರೈಕೆಯಿದೆ, ಬರಗಾಲದಲ್ಲಿ ದನಕರುಗಳಿಗೆ ಮೇವು ಹಂಚಿದ್ದಾರೆ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಕುಷ್ಠರೋಗಿಗಳ ನಡುವಿನ ಅವರ ಕೆಲಸ.

1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆಯಿಂದ ಕುಷ್ಠ ವಾಸಿಯಾಗುತ್ತದೆ. ರಾಷ್ಟ್ರಮಟ್ಟದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತೆಂದು 2005ರ ಕೊನೆಗೆ ಸರ್ಕಾರ ಸಾರಿತು. ಆದರೆ ರೋಗಾಣು ಸತ್ತರೂ ಸತ್ತ ನರ ಮರಳುವುದಿಲ್ಲ. ಕಾಲಿಗೆ ಮುಳ್ಳು ಹೊಕ್ಕರೆ, ಬಿಸಿ ತಗುಲಿದರೆ ಗೊತ್ತಾಗದೆ ಹುಣ್ಣಾಗಿ, ಮೂಳೆಯವರೆಗೂ ಇಳಿಯುತ್ತದೆ. ಆದ್ದರಿಂದ ಪಾದವನ್ನು ದಿನವೂ ನೀರಿನಲ್ಲಿ ನೆನೆಸಿ, ಒಣಚರ್ಮ ಉಜ್ಜಿ, ಎಣ್ಣೆ ಸವರಿ, ಬೆರಳುಗಳ ಸಂದಿಯನ್ನೆಲ್ಲ ಕಣ್ಣಿಟ್ಟು ನೋಡಬೇಕು. ಕಣ್ಣೂ ಮಂಜಾದವನಿಗೆ ತನ್ನದೇ ಕಾಲಿನ ಗಾಯ ಕಾಣುವುದಿಲ್ಲ, ನೋಯುವುದೂ ಇಲ್ಲ. ಆಗ ಪಕ್ಕದಲ್ಲಿ ಕೂತ ಇನ್ನೊಬ್ಬರು ಆ ಪಾದವನ್ನು ಮಡಿಲಿಗೆ ಎಳೆದುಕೊಂಡು, ಬೆರಳಾಡಿಸಿ, ಮುಳ್ಳನ್ನು ಹುಡುಕುತ್ತಾರೆ.