ದಾಳಿಗೆ ಮುನ್ನ ಎಚ್ಚರಿಕೆ: ಹಾವು ಮತ್ತು ಹಾರಲಾರದ ಹಕ್ಕಿಗಳ ಆತ್ಮರಕ್ಷಣೆ

ಹಾವಿಗೆ ಕಾಲಿಲ್ಲ. ಉಷ್ಟ್ರಪಕ್ಷಿ, ಕ್ಯಾಸೊವರಿ, ಎಮುಗಳಿಗೆ ರೆಕ್ಕೆಯಿದ್ದರೂ ಹಾರಲಾಗದು. ಹಾವೆಂದರೆ ಕಚ್ಚುವ ಪ್ರಾಣಿ, ಕ್ಯಾಸೊವರಿಯೆಂದರೆ ಕೊಲ್ಲುವ ಹಕ್ಕಿ ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಇವು ಮೊದಲು ಅಡಗುತ್ತವೆ, ಸಾಧ್ಯವಾದರೆ ಪಲಾಯನ ಮಾಡುತ್ತವೆ, ಆಗದಿದ್ದರೆ ಬೆದರಿಸುತ್ತವೆ. ದಾಳಿ ಕಟ್ಟಕಡೆಯ ಉಪಾಯ.

ಹಾವುಗಳ ಭಾಷೆ

ವಿಷವು ಮುಖ್ಯವಾಗಿ ಬೇಟೆಯ ಸಾಧನ. ನುಂಗಲಾಗದ ಶತ್ರುವಿನ ಮೇಲೆ ಅದನ್ನು ವ್ಯಯಿಸುವುದು ಹಾವಿಗೆ ನಷ್ಟವೇ. ಆದಕಾರಣ ನಾಗರಹಾವು ಕುತ್ತಿಗೆಯ ಪಕ್ಕೆಲುಬುಗಳನ್ನು ಅಗಲಿಸಿ ಹೆಡೆ ಬಿಚ್ಚುತ್ತದೆ. ತನ್ನ ಗಾತ್ರವನ್ನು ಹಿರಿದಾಗಿ ತೋರಿಸುತ್ತದೆ. ಕೊಳಕುಮಂಡಲ ಸುರುಳಿ ಸುತ್ತಿ, ಪ್ರೆಷರ್ ಕುಕ್ಕರಿನಂತೆ ಜೋರಾಗಿ ಬುಸುಗುಟ್ಟುತ್ತದೆ. ಗರಗಸಮಂಡಲ ಮೈಯ ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸ ಎಳೆದಂತಹ ಸದ್ದು ಹೊರಡಿಸುತ್ತದೆ.

ಆಗುಂಬೆಯ ಕಾಡುಗಳಿಗೆ ಹೆಸರು ತಂದ ಕಾಳಿಂಗ ಸರ್ಪ ದೇಹದ ಸುಮಾರು ಮೂರನೇ ಒಂದು ಭಾಗವನ್ನು ಮೇಲೆತ್ತಿ, ಗುರುಗುಟ್ಟಿದಂತೆ ಸದ್ದು ಮಾಡುತ್ತದೆ. ಪಶ್ಚಿಮ ಘಟ್ಟದ ಈ ಹಾವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ಕನ್ನಡದ ಹೆಸರನ್ನೇ ಉಳಿಸಿಕೊಂಡು ‘ಒಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಸಲಾಯಿತು.

ವಿಷವಿಲ್ಲದ ಹಾವುಗಳದು ಅನುಕರಣೆಯ ದಾರಿ. ಕೇರೆಹಾವು ಕತ್ತನ್ನು ಉಬ್ಬಿಸಿ ಹೆದರಿಸುತ್ತದೆ. ತೋಳಹಾವಿನ ಮೈಮೇಲಿನ ಪಟ್ಟೆಗಳು ವಿಷಕಾರಿ ಕಟ್ಟುಹಾವನ್ನು ಹೋಲುತ್ತವೆ. ಪ್ರಾಣಿಗಳಿಂದ ರಕ್ಷಿಸುವ ಈ ಸೋಗೇ ಮನುಷ್ಯರ ಕೈಯಲ್ಲಿ ಅವುಗಳ ಸಾವಿಗೆ ಕಾರಣವಾಗುವುದುಂಟು.

ಕಟ್ಟುಹಾವಿನ ವಿಚಾರ ಬೇರೆ. ಕೆಣಕಿದಾಗ ಅದು ತಲೆಯನ್ನು ಮೈಸುರುಳಿಯ ಕೆಳಗೆ ಹುದುಗಿಸುತ್ತದೆ. ಆದರೆ ರಾತ್ರಿ ಮನೆಯೊಳಗೆ ಬಂದು ನೆಲದಲ್ಲಿ ಮಲಗಿದವರನ್ನು ಸದ್ದಿಲ್ಲದೆ ಕಚ್ಚುವುದುಂಟು. ನೋವು ಅತ್ಯಲ್ಪವಾದ್ದರಿಂದ ಕಡಿತ ಗಮನಕ್ಕೇ ಬಾರದಿರಬಹುದು.

ಓಟ, ಉಪಾಯ, ಒದೆತ

ಆಫ್ರಿಕಾದ ಉಷ್ಟ್ರಪಕ್ಷಿ ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ ಓಡಬಲ್ಲದು. ಅಪಾಯ ಕಂಡಾಗ ಮರಳಿನಲ್ಲಿ ತಲೆ ಹೂತುಕೊಳ್ಳುತ್ತದೆ ಎಂಬುದು ಕಟ್ಟುಕಥೆ. ಅದು ಕತ್ತನ್ನು ನೆಲಕ್ಕೆ ಚಾಚಿ ಮಲಗುತ್ತದೆ. ದೂರದಿಂದ ಮಣ್ಣಿನ ದಿಬ್ಬದಂತೆ ಕಾಣುತ್ತದೆ. ಕಂದು ಬಣ್ಣದ ಹೆಣ್ಣು ಹಗಲಿನಲ್ಲಿ, ಕಪ್ಪು ಗಂಡು ರಾತ್ರಿಯಲ್ಲಿ ಕಾವು ಕೂರುವುದರಿಂದ ಗೂಡು ಸುಲಭವಾಗಿ ಕಣ್ಣಿಗೆ ಬೀಳದು. ಮರಿಗಳಿದ್ದರೆ ಗಾಯಗೊಂಡಂತೆ ನಟಿಸಿ ಶತ್ರುವನ್ನು ತನ್ನತ್ತ ಸೆಳೆಯುವುದೂ ಉಂಟು. ಬೇರೆ ದಾರಿಯಿಲ್ಲದಾಗ ಮುಂದಕ್ಕೆ ಬೀಸುವ ಒದೆತ ಸಿಂಹಕ್ಕೂ ಪ್ರಾಣಾಂತಿಕವಾಗಬಲ್ಲದು.

ನ್ಯೂಗಿನಿ ಮತ್ತು ಈಶಾನ್ಯ ಆಸ್ಟ್ರೇಲಿಯಾದ ಮಳೆಕಾಡುಗಳ ಕ್ಯಾಸೊವರಿಯ ಒಳಬೆರಳಿನಲ್ಲಿ ಸುಮಾರು 12 ಸೆಂ.ಮೀ. ಉದ್ದದ ಕಠಾರಿಯಂತಹ ಉಗುರಿದೆ. ಆದರೂ ಅದು ಸಾಮಾನ್ಯವಾಗಿ ಜನರಿಂದ ದೂರ ಸರಿಯುವ ಹಕ್ಕಿ. ಕ್ವೀನ್ಸ್‌ಲ್ಯಾಂಡಿನಲ್ಲಿ ಮನುಷ್ಯರ ಮೇಲೆ ನಡೆದ 150 ದಾಳಿಗಳನ್ನು ಪರಿಶೀಲಿಸಿದ, 1999ರಲ್ಲಿ ಪ್ರಕಟವಾದ ಅಧ್ಯಯನವು ಅವುಗಳಲ್ಲಿ ಶೇ. 75ರಷ್ಟು ದಾಳಿಗಳನ್ನು ಜನರಿಂದ ಆಹಾರ ಪಡೆದು ರೂಢಿಯಾಗಿದ್ದ ಹಕ್ಕಿಗಳೇ ನಡೆಸಿದ್ದವು ಎಂದು ತೋರಿಸಿತು. ಎಮು ಕೂಡ ಮೊದಲು ಓಟವನ್ನೇ ನಂಬುತ್ತದೆ.

ಮನುಷ್ಯರು ಅರಿಯಬೇಕಾದುದು

ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಮೃತಪಟ್ಟಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಅನೇಕ ಕಡಿತಗಳು ಹೊಲಗದ್ದೆಗಳಲ್ಲಿ, ಕಾಣದೆ ತುಳಿದಾಗ ಸಂಭವಿಸುತ್ತವೆ. ಅಲ್ಲಿ ಹಾವಿಗೆ ಎಚ್ಚರಿಸುವಷ್ಟು ಅವಕಾಶವೂ ಇರುವುದಿಲ್ಲ. ಕತ್ತಲಲ್ಲಿ ಟಾರ್ಚ್, ಕಾಲಿಗೆ ಬೂಟು, ಮಲಗುವಾಗ ಸೊಳ್ಳೆಪರದೆ ಜೀವ ಉಳಿಸಬಲ್ಲವು.

ಹೆಡೆ ಬಿಚ್ಚಿದ ಅಥವಾ ಬುಸುಗುಟ್ಟುವ ಹಾವು ಕೇಳುವುದು ದೂರವನ್ನಷ್ಟೇ. ಹಿಂದೆ ಸರಿದರೆ ಅದು ತನ್ನ ದಾರಿ ಹಿಡಿಯುತ್ತದೆ. ಹಿಡಿಯಲು ಅಥವಾ ಹೊಡೆಯಲು ಹೋದರೆ ಕಚ್ಚುವ ಸಂಭವ ಹೆಚ್ಚು. ಕಚ್ಚಿದ್ದೇ ಆದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಕಡಿತಕ್ಕೊಳಗಾದವರನ್ನು ಅಲುಗಾಡಿಸದೆ, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ತಡಮಾಡದೆ ಸಾಗಿಸಬೇಕು.