ಫ್ಯಾಕ್ಟ್ ಚೆಕ್: ಕೋಪವನ್ನು ಹೊರಹಾಕಿಬಿಟ್ಟರೆ ಮನಸ್ಸು ಹಗುರವಾಗುತ್ತದೆಯೇ? ಆಫೀಸ್ ಗ್ರೂಪ್‌ನಲ್ಲಿ ರಿಪ್ಲೈ ಒತ್ತುವ ಮುನ್ನ ಓದಿ

ಸಾರಾಂಶ

"ಕೋಪವನ್ನು ಒಳಗೇ ಇಟ್ಟುಕೊಂಡರೆ ಬಿಪಿ ಏರುತ್ತದೆ, ಹೊರಗೆ ಹಾಕಿಬಿಡಿ" ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಅದರ ಜೊತೆಗೇ "ಯಾವ ಕೋಪವೂ 90 ಸೆಕೆಂಡಿಗಿಂತ ಹೆಚ್ಚು ಇರುವುದಿಲ್ಲ, ಅಷ್ಟು ಹೊತ್ತು ಸುಮ್ಮನಿದ್ದರೆ ಸಾಕು" ಎನ್ನುವ ಇನ್ನೊಂದು ಸಂದೇಶವೂ ಇದೆ. ನಾವು ಎರಡನ್ನೂ ಪರಿಶೀಲಿಸಿದೆವು. ಮೊದಲನೆಯದು ಬಹುಮಟ್ಟಿಗೆ ತಪ್ಪು. ಎರಡನೆಯದರಲ್ಲಿ ಸಲಹೆ ಒಳ್ಳೆಯದೇ, ಆದರೆ ಆ 90ರ ಲೆಕ್ಕಕ್ಕೆ ಗಟ್ಟಿ ಆಧಾರವಿಲ್ಲ.

ಕೂಗಾಡಿದರೆ ಕೋಪ ಇಳಿಯುತ್ತದೆಯೇ?

ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 600 ಕಾಲೇಜು ವಿದ್ಯಾರ್ಥಿಗಳಿದ್ದರು. ಅವರು ಬರೆದ ಪ್ರಬಂಧವನ್ನು ಇನ್ನೊಬ್ಬರು ತೀರಾ ಕೆಟ್ಟದಾಗಿ ಟೀಕಿಸಿದ್ದಾರೆ ಎಂದು ನಂಬಿಸಿ ಕೋಪ ಬರಿಸಲಾಯಿತು. ಆಮೇಲೆ ಒಂದು ಗುಂಪು ಟೀಕಿಸಿದವರನ್ನೇ ನೆನೆಸಿಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿತು. ಇನ್ನೊಂದು ಗುಂಪು ವ್ಯಾಯಾಮ ಎಂದುಕೊಂಡು ಗುದ್ದಿತು. ಮೂರನೆಯ ಗುಂಪು ಏನೂ ಮಾಡದೆ ಕುಳಿತಿತ್ತು. ಕೊನೆಗೆ ಹೆಚ್ಚು ಕೋಪ ಉಳಿದಿದ್ದು ಟೀಕಿಸಿದವರನ್ನು ನೆನೆದು ಗುದ್ದಿದವರಲ್ಲಿ. ಸುಮ್ಮನೆ ಕುಳಿತವರು ಅವರಿಗಿಂತ ಶಾಂತವಾಗಿದ್ದರು.

ಒಂದೇ ಪ್ರಯೋಗ ನಂಬಿ ತೀರ್ಮಾನಕ್ಕೆ ಬರಬಾರದು, ನಿಜ. 2024ರಲ್ಲಿ ಬುಶ್‌ಮನ್ ಮತ್ತು ಸೋಫಿ ಶಾರ್ವಿಕ್ 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ದೀರ್ಘ ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವ ಅಭ್ಯಾಸ ಮುಂತಾಗಿ ದೇಹವನ್ನು ತಣ್ಣಗಾಗಿಸುವ ಚಟುವಟಿಕೆಗಳು ಕೋಪ ಇಳಿಸಿದವು. ದೇಹವನ್ನು ಇನ್ನಷ್ಟು ಬಿಸಿಮಾಡುವ ಚಟುವಟಿಕೆಗಳಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಜಾಗಿಂಗ್ ಮಾಡಿದವರಲ್ಲಿ ಕೋಪ ಹೆಚ್ಚಿತ್ತು. (ಜಾಗಿಂಗ್ ಹೃದಯಕ್ಕೆ ಒಳ್ಳೆಯದೇ, ಬಿಡಬೇಡಿ. ಕೋಪಕ್ಕೆ ಅದು ಮದ್ದಲ್ಲ, ಅಷ್ಟೆ.)

ಇನ್ನು ಬಿಪಿ, ಹಾರ್ಟ್ ವಿಷಯ. 2014ರಲ್ಲಿ ಹಾರ್ವರ್ಡ್ ಸಂಶೋಧಕರು ಹಳೆಯ ಒಂಬತ್ತು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸಿಟ್ಟು ಸ್ಫೋಟಗೊಂಡ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಬೇರೆ ಹೊತ್ತಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಹೆದರುವ ಮುನ್ನ ಇದನ್ನೂ ತಿಳಿಯಿರಿ: ಆರೋಗ್ಯವಂತರಲ್ಲಿ ಒಂದು ಸಲದ ಸಿಟ್ಟಿನಿಂದ ಬರುವ ಅಪಾಯ ತೀರಾ ಚಿಕ್ಕದು. ಪದೇ ಪದೇ ಸಿಡಿಯುವವರಿಗೆ, ಮೊದಲೇ ಹೃದ್ರೋಗ ಇರುವವರಿಗೆ ಲೆಕ್ಕ ಬೇರೆ.

ಹಾಗಾದರೆ ನುಂಗಿಕೊಳ್ಳಬೇಕೇ?

ಅದೂ ಸರಿಯಲ್ಲ, ಫಾರ್ವರ್ಡ್ ಅರ್ಧ ನಿಜ ಹೇಳುವುದು ಇಲ್ಲೇ. ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಗ್ರಾಸ್ ಅವರ ಪ್ರಯೋಗಗಳಲ್ಲಿ, ಮುಖದಲ್ಲಿ ಏನೂ ತೋರಿಸದೆ ಭಾವನೆ ಅದುಮಿಟ್ಟವರಿಗೆ ಒಳಗಿನ ಬೇಸರ ಕಡಿಮೆಯಾಗಲಿಲ್ಲ, ದೇಹದ ಒತ್ತಡ ಮಾತ್ರ ಹೆಚ್ಚಿತು. ಹೀಗೆ ಅದುಮಿಟ್ಟವರಿಗೆ ಆ ಹೊತ್ತಿನಲ್ಲಿ ಕೇಳಿದ್ದು, ನೋಡಿದ್ದು ಕಡಿಮೆ ನೆನಪಿರುತ್ತದೆ ಎಂದೂ ಗೊತ್ತಾಗಿದೆ. ಮೀಟಿಂಗ್‌ನಲ್ಲಿ ಹಲ್ಲು ಕಚ್ಚಿಕೊಂಡು ಕುಳಿತು ಎದ್ದು ಬಂದ ಮೇಲೆ "ಸರ್ ಏನು ಹೇಳಿದರು?" ಎಂದು ಪಕ್ಕದವರನ್ನು ಕೇಳುವ ಪರಿಸ್ಥಿತಿ ಬರುವುದು ಹೀಗೆ.

ಕೆಲಸ ಮಾಡುವ ದಾರಿ ಮೂರನೆಯದು: ಭಾವನೆಗೆ ಒಂದು ಹೆಸರು ಕೊಡುವುದು, ಘಟನೆಯನ್ನು ಇನ್ನೊಂದು ಕಡೆಯಿಂದ ನೋಡುವುದು. 2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ ಮಾಡಿದ ಮೆದುಳಿನ ಸ್ಕ್ಯಾನ್‌ಗಳಲ್ಲಿ, ಸಿಟ್ಟಿನ ಅಥವಾ ಭಯದ ಮುಖಗಳನ್ನು ನೋಡಿ ಆ ಭಾವನೆಗೆ ಪದ ಹುಡುಕಿದಾಗ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತ್ತು. ಅದು ಫೋಟೋ ನೋಡಿ ಮಾಡಿದ ಪ್ರಯೋಗ, ಬಾಸ್ ಎದುರು ನಿಂತು ಮಾಡಿದ್ದಲ್ಲ. ಆದರೂ "ನನಗೆ ಈಗ ಆಗಿರುವುದು ಸಿಟ್ಟಲ್ಲ, ಎಲ್ಲರ ಮುಂದೆ ಹೇಳಿದ್ದಕ್ಕೆ ಅವಮಾನ" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

90 ಸೆಕೆಂಡ್ ಎಲ್ಲಿಂದ ಬಂತು?

ಮೆದುಳು ವಿಜ್ಞಾನಿ ಜಿಲ್ ಬೋಲ್ಟ್ ಟೇಲರ್ ಅವರಿಗೆ 1996ರಲ್ಲಿ ಸ್ಟ್ರೋಕ್ ಆಯಿತು. ಆ ಅನುಭವದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಹೇಳಿದ ಮಾತು ಇದು. ಪ್ರಯೋಗದಲ್ಲಿ ಅಳೆದು ಸಿಕ್ಕ ಸಂಖ್ಯೆಯಲ್ಲ. ರಕ್ತಕ್ಕೆ ಸೇರಿದ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಒತ್ತಡದ ಇನ್ನೊಂದು ಹಾರ್ಮೋನ್ ಕಾರ್ಟಿಸೋಲ್ ಘಟನೆ ನಡೆದು 20-30 ನಿಮಿಷದ ಹೊತ್ತಿಗೆ ಏರಿರುತ್ತದೆ. ಅದೇ ವಿಷಯವನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತಿದ್ದರೆ ಕೋಪ ಗಂಟೆಗಟ್ಟಲೆ ಇರಬಹುದು. ಒಂದೂವರೆ ನಿಮಿಷ ಕಾದೆ, ಇನ್ನು ಕಳಿಸಬಹುದು ಎಂದುಕೊಂಡರೆ ಕೆಲಸ ಕೆಡುತ್ತದೆ. ಅರ್ಧ ಗಂಟೆ ಬಿಡುವುದು ಕ್ಷೇಮ.

ಮೆಸೇಜ್‌ನಲ್ಲಿ ಇನ್ನೊಂದು ತೊಡಕು

ಬರಹದಲ್ಲಿ ದನಿ ಕೇಳಿಸುವುದಿಲ್ಲ. 2005ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು ಇಮೇಲ್‌ನಲ್ಲಿ ವ್ಯಂಗ್ಯ ಎಷ್ಟು ಅರ್ಥವಾಗುತ್ತದೆ ಎಂದು ಪರೀಕ್ಷಿಸಿದರು. ಶೇ. 78ರಷ್ಟು ಸಲ ಅರ್ಥವಾಗುತ್ತದೆ ಎಂದು ಕಳಿಸಿದವರು ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಶೇ. 56ರಷ್ಟು ಸಲ. ನಾಣ್ಯ ಚಿಮ್ಮಿ ಹೇಳುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಅಂದರೆ ಟೀಮ್ ಲೀಡ್ ಹಾಕಿದ ಬರೀ "ಓಕೆ." ನೋಡಿ ನಿಮಗೆ ಉರಿದಿದ್ದರೆ, ಆ ಉರಿ ಅವರ ಮನಸ್ಸಿನಲ್ಲಿ ಇರದೆಯೂ ಇರಬಹುದು. ಕೈ ಕೆಳಗಿನವರಿಗೆ ಮೆಸೇಜ್ ಹಾಕುವ ಮೇಲಧಿಕಾರಿಗಳೂ ಇದನ್ನು ಓದಬೇಕು ಎಂಬುದು ನಮ್ಮ ಅಭಿಪ್ರಾಯ. ಸಂಯಮದ ಪಾಠವೆಲ್ಲ ಕೆಳಗಿನವರಿಗೇ ಮೀಸಲಾಗಿಬಿಟ್ಟಿದೆ.

ಏನು ಮಾಡಬಹುದು?

ಸಿಟ್ಟಿನ ಉತ್ತರವನ್ನು ಗ್ರೂಪ್‌ನ ಬಾಕ್ಸ್‌ನಲ್ಲಿ ಟೈಪ್ ಮಾಡಬೇಡಿ, ನೋಟ್ಸ್ ಆ್ಯಪ್‌ನಲ್ಲಿ ಬರೆಯಿರಿ. ವಾಟ್ಸಾಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು, ಸುಮಾರು ಎರಡೂವರೆ ದಿನದೊಳಗೆ ಎಲ್ಲರಿಗೂ ಅಳಿಸಬಹುದು. ಆದರೆ ತಿದ್ದಿದ್ದೂ ಅಳಿಸಿದ್ದೂ ಗುರುತು ಬಿಡುತ್ತವೆ, ಸ್ಕ್ರೀನ್‌ಶಾಟ್ ತೆಗೆದವರ ಫೋನ್‌ನಿಂದ ಯಾವುದೂ ಹೋಗುವುದಿಲ್ಲ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯುವ ಸಮಯವನ್ನು ಸೆಟ್ಟಿಂಗ್ಸ್‌ನಲ್ಲಿ 30 ಸೆಕೆಂಡ್‌ಗೆ ಏರಿಸಿಕೊಳ್ಳಿ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಾರದು ಎಂಬ ಗಾದೆ ಹುಟ್ಟಿದಾಗ ಇಂಥ ಸೌಕರ್ಯ ಇರಲಿಲ್ಲ.

ಬರೆಯುವಾಗ ವ್ಯಕ್ತಿಯನ್ನು ಬಿಟ್ಟು ಕೆಲಸವನ್ನು ಹಿಡಿಯಿರಿ. "ನೀವು ಯಾವಾಗಲೂ ಹೀಗೇ, ಕೊನೇ ಗಳಿಗೆಯಲ್ಲಿ ಹೇಳ್ತೀರಿ" ಎಂದರೆ ಜಗಳ ಆ "ಯಾವಾಗಲೂ" ಪದದ ಮೇಲೆ ಶುರುವಾಗುತ್ತದೆ. ಅದರ ಬದಲು: "ಮೇಡಂ, ಐದು ಗಂಟೆಗೆ ಕೇಳಿದ ರಿಪೋರ್ಟ್ ಆರಕ್ಕೆ ಮುಗಿಯಲ್ಲ. ಪೂರ್ತಿ ರಿಪೋರ್ಟ್ ನಾಳೆ 11ಕ್ಕೆ ಕೊಡ್ತೀನಿ. ಅರ್ಜೆಂಟ್ ಇದ್ದರೆ ಈಗ ಸ್ಟಾಕ್ ಶೀಟ್ ಮಾತ್ರ ಕಳಿಸಲಾ?" ಇದರಲ್ಲಿ ಕ್ಷಮೆಯೂ ಇಲ್ಲ, ಕೊಂಕೂ ಇಲ್ಲ. ಅವರು ಹೌದು ಅಥವಾ ಇಲ್ಲ ಎನ್ನಲೇಬೇಕು. ಎದುರಾಎದುರು ಇದ್ದಾಗ "ಸರ್, ಇದಕ್ಕೆ ಮಧ್ಯಾಹ್ನ ಊಟ ಆದಮೇಲೆ ಉತ್ತರ ಕೊಡ್ತೀನಿ" ಎಂದು ಹೇಳಿ ಎದ್ದುಬಿಡುವುದೂ ಉತ್ತರವೇ.

ಮನೆಯಲ್ಲೂ ಆಫೀಸಿನಲ್ಲೂ ಕೈ ಎತ್ತುವ ಮಟ್ಟಕ್ಕೆ ಕೋಪ ಬರುತ್ತಿದ್ದರೆ ಈ ಉಪಾಯಗಳು ಸಾಲುವುದಿಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಶಾಂತವಾಗಿರಬೇಕು ಎಂದರೆ ಸಹಿಸಿಕೊಳ್ಳಬೇಕು ಎಂದಲ್ಲ

"ಸ್ವಲ್ಪ ತಾಳ್ಮೆ ಇರಲಿ" ಎಂಬ ಮಾತನ್ನು ಕಿರುಕುಳ ಮುಚ್ಚಿಹಾಕಲೂ ಬಳಸುವುದುಂಟು. ದಿನವೂ ಬೈಗುಳ ತಿನ್ನುತ್ತಿದ್ದರೆ ದಿನಾಂಕ, ಸಮಯ, ಆಡಿದ ಮಾತು, ಜೊತೆಗಿದ್ದವರು ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಮಹಿಳೆಯರಿಗೆ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಪ್ರತಿ ಕೆಲಸದ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಬರಹದಲ್ಲಿ, ಘಟನೆಯಾದ ಮೂರು ತಿಂಗಳೊಳಗೆ ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು.